ಸಂಗಮವನ್ನಗಲಿದ ಸಂಗಮೇಶ್ವರ

ಜೋಗುಳಾಂಬ ಗದ್ವಾಲ ಜಿಲ್ಲೆಯ ಆಲಂಪುರವು ತುಂಗಭದ್ರೆಯ ಎಡದಂಡೆಯಲ್ಲಿರುವ ಪ್ರಾಚೀನ ಯಾತ್ರಾಸ್ಥಳ. ಇಲ್ಲಿಯ ನವಬ್ರಹ್ಮ ದೇವಾಲಯಗಳು ಹೆಸರಿಗೆ ಬ್ರಹ್ಮನವಾದರೂ ಶಿವಾಲಯಗಳೇ. ಬಾದಾಮಿ ಚಾಲುಕ್ಯರ ಆಳ್ವಿಕೆಯಲ್ಲಿ, 7 ಮತ್ತು 8ನೆಯ ಶತಮಾನಗಳಲ್ಲಿ, ಇವು ನಿರ್ಮಾಣಗೊಂಡವು. ಸ್ವರ್ಗಬ್ರಹ್ಮವು ವಿನಯಾದಿತ್ಯನ ಕಾಲದ್ದೆಂದು (681–696) ಅಲ್ಲಿಯ ಶಾಸನದಿಂದ ತಿಳಿಯುತ್ತದೆ. ತಾರಕಬ್ರಹ್ಮವನ್ನುಳಿದು ಮಿಕ್ಕವು ರೇಖಾನಾಗರ ಶೈಲಿಯವು. ಪಟ್ಟದಕಲ್ಲಿನ ಗಳಗನಾಥ ದೇವಾಲಯ ಇವುಗಳ ನಿಕಟ ಬಂಧು. ಇಂದಿನ ರಾಜ್ಯಗಳ ಗಡಿಯೊಳಗೆ ನಿಂತು ನೋಡಿದರೆ ಈ ಬಾಂಧವ್ಯ ಕಾಣದು.

ಶಿಖರದಷ್ಟೇ ಗಮನಾರ್ಹವಾದುದು ಒಳಗಿನ ಪ್ರದಕ್ಷಿಣಾಪಥ. ಗರ್ಭಗೃಹವನ್ನು ಬಳಸುವ ಈ ದಾರಿ ಹೊರಗೋಡೆಯ ಒಳಗೇ ಇದ್ದು, ಜಾಲಂಧ್ರಗಳಿಂದ ಸೋಸಿ ಬರುವ ಬೆಳಕು ಅದಕ್ಕೆ ಸಾಕಾಗುತ್ತದೆ. ಸ್ಪೇನಿನಲ್ಲಿ 1075ರಲ್ಲಿ ಆರಂಭವಾದ ಸಾಂತಿಯಾಗೊ ದೆ ಕೊಂಪೊಸ್ತೆಲಾದ ಕೆಥೆಡ್ರಲ್‌ನಲ್ಲಿಯೂ ಪೂಜಾವೇದಿಕೆಯ ಹಿಂದೆ ಯಾತ್ರಿಕರಿಗಾಗಿ ಸುತ್ತುದಾರಿಯಿದೆ. ಪರಸ್ಪರ ಪರಿಚಯವಿಲ್ಲದ ಈ ಎರಡು ಪರಂಪರೆಗಳಲ್ಲೂ ಯಾತ್ರಿಕರ ನಡಿಗೆಯೇ ಕಟ್ಟಡಕ್ಕೆ ರೂಪ ಕೊಟ್ಟಿದೆ.

ಆದರೆ ಆ ನಡಿಗೆ ಗೋಡೆಯೊಳಗೆ ಆರಂಭವಾಗುವುದಿಲ್ಲ. ಅದು ನದಿಯಿಂದ ಏರಿ ಬರುತ್ತದೆ. ಕೃಷ್ಣಾ-ತುಂಗಭದ್ರೆಯರು ಕೂಡುವ ಕೂಡವೆಲ್ಲಿಯಲ್ಲಿದ್ದ ಸಂಗಮೇಶ್ವರ ದೇವಾಲಯವು ಶ್ರೀಶೈಲ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗುವುದಿತ್ತು. ಅದನ್ನು ಕಲ್ಲುಕಲ್ಲಾಗಿ ಬಿಚ್ಚಿ, ಆಲಂಪುರಕ್ಕೆ ತಂದು ಮರಳಿ ಕಟ್ಟಲಾಯಿತು. ಎತ್ತರದ ಜಗತಿ, ಪ್ರದಕ್ಷಿಣಾಪಥ, ಶಿಖರ ಉಳಿದವು. ಹೆಸರಿಗೆ ಕಾರಣವಾದ ಸಂಗಮ ಮಾತ್ರ ಜೊತೆಗೆ ಬರಲಿಲ್ಲ.

ಸಂರಕ್ಷಣೆಯ ದೃಷ್ಟಿಯಿಂದ ಇದು ದೊಡ್ಡ ಸಾಧನೆ. ಯಾತ್ರೆಯ ದೃಷ್ಟಿಯಿಂದ ಅರ್ಧ ದೇವಾಲಯವಷ್ಟೇ ಉಳಿದಿದೆ. ಇಂಥ ಕ್ಷೇತ್ರಗಳ ವಾಸ್ತುವನ್ನು ದಾಖಲಿಸುವವರು ನದಿಗೂ ಗರ್ಭಗೃಹಕ್ಕೂ ನಡುವಣ ದಾರಿಯನ್ನೂ ನಕ್ಷೆಯಲ್ಲಿ ಗುರುತಿಸಬೇಕಾಗುತ್ತದೆ.