ಮರುಕಳಿಸಿದ ಮೇಲ್ಗಂಟಲಿನ ಕ್ಯಾನ್ಸರಿಗೆ ಮೂಗಿನ ಹಾದಿಯ ಶಸ್ತ್ರಚಿಕಿತ್ಸೆ

ಕ್ಯಾನ್ಸರ್ ಒಮ್ಮೆ ವಾಸಿಯಾಗಿ ಮತ್ತೆ ತಲೆಯೆತ್ತಿತೆಂದರೆ ಮನೆಮಂದಿ ಕೈಚೆಲ್ಲಿ ಕುಳಿತುಬಿಡುವುದುಂಟು. ಹಾಗೆ ಆಸೆಯನ್ನು ತೊರೆಯಬೇಕಾಗಿಲ್ಲವೆಂಬುದಕ್ಕೆ ಮೇಲ್ಗಂಟಲಿನ ಕ್ಯಾನ್ಸರ್ ಒಂದು ನಿದರ್ಶನ.

ಮೂಗಿನ ಹಿಂದೆ, ಕಿರುನಾಲಗೆಗಿಂತ ಮೇಲೆ, ತಲೆಬುರುಡೆಯ ತಳಕ್ಕೆ ತಾಗಿದಂತೆ ಒಂದು ಪುಟ್ಟ ಪೊಟರೆಯಿದೆ. ಬಾಯಿ ತೆರೆದು ನೋಡಿದರೆ ಅದು ಕಾಣದು. ಅಲ್ಲಿ ಹುಟ್ಟುವ ಈ ರೋಗ ದಕ್ಷಿಣ ಚೀನದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ ಹೆಚ್ಚು. ಅಲ್ಲಿಂದ ಹೊಟ್ಟೆಪಾಡಿಗಾಗಿ ಸಿಂಗಪುರ, ಮಲೇಶಿಯಾಗಳಿಗೆ ಹೋಗಿ ನೆಲಸಿದವರಲ್ಲಿಯೂ ಇದು ಕಾಣಿಸಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ಒಟ್ಟಿನ ಮೇಲೆ ವಿರಳವಾದರೂ ನಾಗಾಲ್ಯಾಂಡಿನಲ್ಲಿ ಅಪರೂಪವಲ್ಲ. ವಂಶದ ಗುಣ, ಎಪ್‌ಸ್ಟೀನ್-ಬಾರ್ ಎಂಬ ವೈರಸ್, ಎಳವೆಯಿಂದಲೂ ತಿಂದ ಉಪ್ಪುಮೀನು ಇವು ಇದಕ್ಕೆ ಕಾರಣಗಳೆಂದು ವೈದ್ಯರು ಎಣಿಸುತ್ತಾರೆ.

ಸ್ಥಳ ಇಕ್ಕಟ್ಟಾದ್ದರಿಂದ ಮೊದಲ ಚಿಕಿತ್ಸೆ ವಿಕಿರಣದ್ದು. ಜನರು ‘ಕರೆಂಟು ಕೊಡುವುದು’ ಎನ್ನುವರಲ್ಲ, ಅದು. ಬಹುಮಂದಿ ಅದರಿಂದಲೇ ಗುಣಹೊಂದುತ್ತಾರೆ. ಆದರೆ ಕೆಲವರಲ್ಲಿ ಗೆಡ್ಡೆ ಅದೇ ಸ್ಥಳದಲ್ಲಿ ಮರುಕಳಿಸುತ್ತದೆ. ಆಗ ಮತ್ತೊಮ್ಮೆ ವಿಕಿರಣ ಕೊಟ್ಟರೆ, ಮೊದಲೇ ಬೆಂದ ಮಾಂಸ ಕೊಳೆತು ಭಾರಿ ರಕ್ತಸ್ರಾವವಾಗುವ ಭಯವಿದೆ. ಹಾಂಗ್‌ಕಾಂಗಿನ ವೈದ್ಯರು 1991ರಲ್ಲಿ ಮತ್ತೊಂದು ದಾರಿಯನ್ನು ಪ್ರಕಟಿಸಿದರು: ಮುಖವನ್ನು ಕೊಯ್ದು, ಮೇಲ್ದವಡೆಯನ್ನು ಕದದಂತೆ ಪಕ್ಕಕ್ಕೆ ತೆರೆದು, ಗೆಡ್ಡೆಯನ್ನು ತೆಗೆದು, ಮರಳಿ ಜೋಡಿಸುವುದು. ಪ್ರಯೋಜನವೇನೋ ಆಯಿತು, ಆದರೆ ಮುಖದ ಮೇಲೆ ಗಾಯದ ಗುರುತು ಉಳಿಯುವುದು, ಬಾಯಿ ಅಗಲಿಸಲು ಕಷ್ಟವಾಗುವುದು.

ಈಗಿನ ಮಾರ್ಗದಲ್ಲಿ ಹೊರಗೆ ಕೊಯ್ತವೇ ಇಲ್ಲ. ಎಂಡೋಸ್ಕೋಪ್ ಎಂಬ ತೆಳ್ಳನೆಯ ದರ್ಶಕ ನಳಿಗೆಯನ್ನೂ ಸಣ್ಣ ಉಪಕರಣಗಳನ್ನೂ ಮೂಗಿನ ಹೊಳ್ಳೆಗಳಿಂದಲೇ ಒಳಸೇರಿಸುತ್ತಾರೆ. ಪರದೆಯ ಮೇಲೆ ನೋಡುತ್ತ, ಗೆಡ್ಡೆಯನ್ನು ಸುತ್ತಲಿನ ಒಂದಿಷ್ಟು ಆರೋಗ್ಯವಂತ ಮಾಂಸದೊಡನೆ ಕತ್ತರಿಸಿ ತೆಗೆಯುತ್ತಾರೆ. ಬಳಿಕ ಮೂಗಿನ ನಡುಗೋಡೆಯ ಒಳಪೊರೆಯನ್ನು ರಕ್ತನಾಳ ಕಡಿಯದಂತೆ ಸರಿಸಿ ಗಾಯವನ್ನು ಮುಚ್ಚುತ್ತಾರೆ.

ಇದು ಬರಿಯ ಹೊಗಳಿಕೆಯಲ್ಲ. ದಕ್ಷಿಣ ಚೀನದ ಮೂರು ಆಸ್ಪತ್ರೆಗಳಲ್ಲಿ ಇಂತಹ 200 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈ ಶಸ್ತ್ರಚಿಕಿತ್ಸೆಯನ್ನೂ ಇನ್ನೊಂದಕ್ಕೆ ಎರಡನೆಯ ವಿಕಿರಣವನ್ನೂ ಗೊತ್ತುಪಡಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರು ವರ್ಷಗಳ ತರುವಾಯ ಬದುಕಿದ್ದವರು ಮೊದಲ ಗುಂಪಿನಲ್ಲಿ ನೂರಕ್ಕೆ ಸುಮಾರು 86, ಎರಡನೆಯದರಲ್ಲಿ 68.

ಆದರೆ ಒಂದು ಕಟ್ಟು ಇದೆ. ಗೆಡ್ಡೆ ಚಿಕ್ಕದಾಗಿದ್ದು, ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳದಿಂದ ದೂರವಿದ್ದರೆ ಮಾತ್ರ ಇದು ಸಾಧ್ಯ. ಆದ್ದರಿಂದ ವಾಸಿಯಾಯಿತೆಂದು ಆಸ್ಪತ್ರೆಯ ಚೀಟಿಯನ್ನು ಮೂಲೆಗೆಸೆಯುವುದು ಸಲ್ಲದು. ಹೋಟೆಲಿನ ಪಾಳಿ ತಪ್ಪೀತು, ಆಫೀಸಿನ ರಜೆ ಕಳೆದೀತು ಎಂದು ತಪಾಸಣೆಯ ದಿನವನ್ನು ಮುಂದೂಡಬಾರದು. ಸಿಂಬಳದಲ್ಲಿ ರಕ್ತ, ಒಂದೇ ಕಿವಿ ಕಟ್ಟಿದಂತಾಗುವುದು, ಕತ್ತಿನಲ್ಲಿ ಗಂಟು, ಒಂದು ವಸ್ತು ಎರಡಾಗಿ ಕಾಣುವುದು ಇವುಗಳಲ್ಲಿ ಯಾವುದು ಕಂಡರೂ ಒಡನೆ ವೈದ್ಯರಿಗೆ ತಿಳಿಸಬೇಕು. ಬೇಗ ಕಂಡ ಗೆಡ್ಡೆಗೆ ಮೂಗಿನ ಹಾದಿ ಸಾಕು. ತಡವಾದರೆ ಆ ಹಾದಿಯೂ ಮುಚ್ಚಿಹೋಗುತ್ತದೆ.