ಉಸಿರಾಡಲು ಪುರುಸೊತ್ತು

(ಬಾನುಲಿ ಭಾಷಣ)

'ಉಸಿರಾಡಲೂ ಪುರುಸೊತ್ತಿಲ್ಲ' ಎಂಬ ಮಾತನ್ನು ನಾವು ದಿನಕ್ಕೊಮ್ಮೆಯಾದರೂ ಆಡುತ್ತೇವೆ. ಉಸಿರೇನೋ ನಮ್ಮ ಪುರುಸೊತ್ತಿಗೆ ಕಾಯದೆ ತನ್ನ ಪಾಡಿಗೆ ತಾನು ನಡೆದೇ ಇರುತ್ತದೆ. ನಮಗೆ ಪುರುಸೊತ್ತಿಲ್ಲದಿರುವುದು ಅದನ್ನು ಗಮನಿಸುವುದಕ್ಕೆ. ಈ ಅಲ್ಪ ಗಮನದಿಂದ ಆಗಬಹುದಾದ ಉಪಕಾರವನ್ನು ಕುರಿತು ಎರಡು ಮಾತು ಹೇಳಬೇಕೆಂದಿದ್ದೇನೆ.

ಕಚೇರಿಯಲ್ಲಿ ಮೇಲಧಿಕಾರಿಯಿಂದ ಕೇಳಿದ ಕಟುನುಡಿಯೊಂದನ್ನು ಹೊತ್ತುಕೊಂಡು ಗೃಹಸ್ಥನೊಬ್ಬ ಸಂಜೆ ಮನೆಗೆ ಬರುತ್ತಾನೆ ಎನ್ನಿ. ಆಡಿದವರು ಅದನ್ನು ಆಗಲೇ ಮರೆತಿರಬಹುದು. ಇವನು ಮಾತ್ರ ಬಸ್ಸಿನಲ್ಲಿ ಕುಳಿತು ಮನಸ್ಸಿನಲ್ಲೇ ನೂರು ಸಲ ಉತ್ತರ ಕೊಟ್ಟಿದ್ದಾನೆ. ಹೊಸ್ತಿಲಲ್ಲಿ ಮಗಳು ತಾನು ಬರೆದ ಚಿತ್ರವನ್ನು ತೋರಿಸಲು ಕಾದಿದ್ದಾಳೆ. ಅಧಿಕಾರಿಗೆ ಹೇಳಲಾಗದ ಉತ್ತರ ಆ ಮಗುವಿನ ಮೇಲೆ ಗದರಿಕೆಯಾಗಿ ಬೀಳುತ್ತದೆ. ನಮ್ಮ ಒತ್ತಡದ ಬೆಲೆಯನ್ನು ಎಷ್ಟೋ ಸಲ ತೆರುವವರು ಅದಕ್ಕೆ ಕಾರಣರಲ್ಲದವರು.

ಆಗ ದೇಹದಲ್ಲಿ ನಡೆಯುವುದೇನು? ಅಪಾಯ ಎದುರಾದೊಡನೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳ ಸ್ರಾವ ರಕ್ತಕ್ಕೆ ಸೇರುತ್ತದೆ. ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಉಸಿರಿನ ವೇಗ ಹೆಚ್ಚುತ್ತದೆ. ಹೋರಾಡುವುದಕ್ಕೋ ಓಡುವುದಕ್ಕೋ ದೇಹ ಹೀಗೆ ಸಜ್ಜಾಗುವ ಬಗೆಯನ್ನು ಹಾರ್ವರ್ಡಿನ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದರು. ಹುಲಿಯನ್ನು ಕಂಡವನಿಗೆ ಇದು ಪ್ರಾಣರಕ್ಷಕವೇ ಸರಿ. ಆದರೆ ಕೇವಲ ನೆನಪಿನಿಂದಲೂ ದೇಹ ಇದೇ ರೀತಿ ಕೆರಳಬಲ್ಲದು. ಹುಲಿ ಕಾಡಿಗೆ ಮರಳುತ್ತದೆ. ನೆನಪು ಹಾಸಿಗೆಯವರೆಗೂ ಹಿಂಬಾಲಿಸುತ್ತದೆ.

ಬೌದ್ಧರು ಕಂಡುಕೊಂಡ ಸಾಧನೆಯೊಂದು ಇಲ್ಲಿ ನೆರವಿಗೆ ಬರುತ್ತದೆ. ಪಾಲಿಯ ಮಜ್ಝಿಮನಿಕಾಯದಲ್ಲಿ ಆನಾಪಾನಸತಿ ಸುತ್ತ ಎಂಬುದೊಂದಿದೆ. ಉಸಿರು ದೀರ್ಘವಾಗಿದ್ದರೆ ದೀರ್ಘವೆಂದು, ಹ್ರಸ್ವವಾಗಿದ್ದರೆ ಹ್ರಸ್ವವೆಂದು ಅರಿಯುವುದು ಅಲ್ಲಿನ ಮೊದಲ ಪಾಠಗಳಲ್ಲಿ ಸೇರಿದೆ. 'ಸತಿ' ಎಂಬುದು ಸಂಸ್ಕೃತದ 'ಸ್ಮೃತಿ'. ಕನ್ನಡದಲ್ಲಿ ಇದಕ್ಕೆ 'ಎಚ್ಚರ' ಎಂಬ ಮಾತು ಚೆನ್ನಾಗಿ ಒಪ್ಪುತ್ತದೆ. ಮಲಗಿದವನನ್ನು ಎಬ್ಬಿಸುವುದಕ್ಕೂ ಮರೆತವನಿಗೆ ನೆನಪು ಮಾಡುವುದಕ್ಕೂ ನಾವು 'ಎಚ್ಚರಿಸು' ಎಂದೇ ಹೇಳುತ್ತೇವಲ್ಲವೆ?

1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ ಎಂಬವರು ಈ ಸಾಧನೆಯನ್ನು ದೀರ್ಘಕಾಲದ ನೋವಿನಿಂದ ನರಳುವವರಿಗೆ ಕಲಿಸತೊಡಗಿದರು. ಎಂಟು ವಾರಗಳ ಆ ಶಿಕ್ಷಣಕ್ರಮ ಈಗ ಹಲವು ದೇಶಗಳಲ್ಲಿ ರೂಢಿಯಲ್ಲಿದೆ. ಅದರ ಪಾಠಗಳಲ್ಲೊಂದು ಒಣದ್ರಾಕ್ಷಿಯದು: ಒಂದೇ ಒಂದು ಹಣ್ಣನ್ನು ನೋಡಿ, ಮುಟ್ಟಿ, ಮೂಸಿ, ನಿಧಾನವಾಗಿ ಅಗಿದು ತಿನ್ನುವುದು. ಹಿಡಿಗಟ್ಟಲೆ ತಿಂದವರಿಗೂ ಅದರ ರುಚಿ ಆಗ ಹೊಸದೆನಿಸುತ್ತದೆ.

ಮನೆಯಲ್ಲಿ ಮಾಡಲು ಐದು ನಿಮಿಷ ಸಾಕು. ನೆಟ್ಟಗೆ, ಆದರೆ ಬಿಗಿಯದೆ, ಕುಳಿತುಕೊಳ್ಳಿ. ಇದು ಪ್ರಾಣಾಯಾಮವಲ್ಲ, ಉಸಿರನ್ನು ತಡೆಯಬೇಕಿಲ್ಲ, ಅಳೆಯಬೇಕಿಲ್ಲ. ಮೂಗಿನ ಹೊಳ್ಳೆಯಲ್ಲಿ ಅದು ತಾಗುವುದನ್ನು ಗಮನಿಸಿದರಾಯಿತು. ಮನಸ್ಸು ಹತ್ತು ಉಸಿರಿನೊಳಗೆ ಬೇರೆಲ್ಲಿಗೋ ಹೋಗಿರುತ್ತದೆ. 'ನನ್ನಿಂದಾಗದು' ಎಂದು ಹಲವರು ಕೈಬಿಡುವುದು ಇಲ್ಲಿಯೇ. ಆದರೆ ಹೋಯಿತೆಂದು ತಿಳಿದ ಗಳಿಗೆಯೇ ಎಚ್ಚರದ ಗಳಿಗೆ. ದಾರಿ ತಪ್ಪಿದ ಕರುವನ್ನು ಹೊಡೆಯದೆ ಕೊಟ್ಟಿಗೆಗೆ ಕರೆತರುವಂತೆ ಅದನ್ನು ಮರಳಿ ತರಬೇಕು. ಸಾಧನೆಯೆಲ್ಲ ಈ ಮರಳಿ ತರುವುದರಲ್ಲಿದೆ.

ಇದರಿಂದ ಸಾಲ ತೀರುವುದಿಲ್ಲ, ಮೇಲಧಿಕಾರಿಯ ನಾಲಗೆಯೂ ಮೆತ್ತಗಾಗುವುದಿಲ್ಲ. ಅನ್ಯಾಯವಾಗಿದ್ದರೆ ಅದನ್ನು ಎದುರಿಸಿಯೇ ತೀರಬೇಕು. ಸುಮ್ಮನೆ ಕುಳಿತಾಗ ಕೆಲವರಿಗೆ ಹಳೆಯ ದುಃಖ ಉಕ್ಕಿ ಬರುವುದೂ ಉಂಟು. ಅಂಥವರೂ, ನಿದ್ರೆ ಊಟಗಳನ್ನು ಕಳೆದುಕೊಂಡವರೂ ವೈದ್ಯರನ್ನು ಕಾಣುವುದೇ ಸರಿ.

ಮಿಕ್ಕವರು ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಮೂರು ಉಸಿರಿನಷ್ಟು ಹೊತ್ತು ನಿಲ್ಲಬಹುದು. ಆ ಗೃಹಸ್ಥನೂ ಹಾಗೆ ನಿಂತಿದ್ದರೆ, ಮಗಳು ಸೂರ್ಯನಿಗೆ ಹಸಿರು ಬಣ್ಣ ಹಾಕಿರುವುದು ಅವನ ಕಣ್ಣಿಗೆ ಬೀಳುತ್ತಿತ್ತು.