ಆಸ್ಪತ್ರೆಯ ವಿಮೆ ಇದ್ದರೂ ನರ್ಸ್‌ಗೆ ಸ್ವಂತದ್ದೊಂದು ಬೇಕಾ?

ನ್ಯೂಜೆರ್ಸಿಗೆ ಬಂದು ಮೊದಲಿಂದ ನರ್ಸಿಂಗ್ ಓದಿದ ನನ್ನ ಹೆಂಡತಿ ಈ ವರ್ಷ ಲೈಸೆನ್ಸ್ ಪರೀಕ್ಷೆ ಪಾಸಾದಳು. ಆಫರ್ ಲೆಟರ್ ಬಂದ ದಿನ ಮನೇಲಿ ಕೇಸರಿಬಾತ್. ಮರುದಿನವೇ ಅವಳ ಸೀನಿಯರ್ ಒಬ್ಬರು ಕೇಳಿದ್ರಂತೆ, "ಸ್ವಂತ ಮಾಲ್‌ಪ್ರಾಕ್ಟೀಸ್ ಇನ್ಶೂರೆನ್ಸ್ ತಗೊಂಡ್ಯಾ?"

"ಆಸ್ಪತ್ರೆಯವರೇ ಮಾಡಿಸಿರ್ತಾರಲ್ಲ, ಸುಮ್ನೆ ದುಡ್ಡು ದಂಡ" ಅಂದವನು ನಾನೇ. ಊರಿಂದ ಅಮ್ಮ ಬೇರೆ, "ಕೆಲಸಕ್ಕೆ ಸೇರೋಕ್ಕೆ ಮುಂಚೆನೇ ಕೋರ್ಟು ಕಚೇರಿ ಮಾತ್ಯಾಕೋ?" ಅಂದ್ರು.

ಆಸ್ಪತ್ರೆಯ ವಿಮೆಯಲ್ಲಿ ನರ್ಸ್‌ಗಳೂ ಸೇರಿರ್ತಾರೆ, ನಿಜ. ಆದರೆ ಪಾಲಿಸಿ ಆಸ್ಪತ್ರೆಯದು, ವಕೀಲರೂ ಆಸ್ಪತ್ರೆಯವರು. "ನಮ್ಮ ನಿಯಮ ಸರಿಯಾಗೇ ಇತ್ತು, ನರ್ಸ್ ಪಾಲಿಸಲಿಲ್ಲ" ಅಂತ ಆಸ್ಪತ್ರೆ ವಾದ ಮಾಡಿದರೆ ಆ ವಕೀಲರು ಯಾರ ಕಡೆ?

ನನ್ನ ಮನಸ್ಸು ಬದಲಾಗಿದ್ದು ಲೈಸೆನ್ಸ್ ವಿಷಯಕ್ಕೆ. ರೋಗಿಯ ಮನೆಯವರೋ, ಆಸ್ಪತ್ರೆಯೋ ರಾಜ್ಯದ ನರ್ಸಿಂಗ್ ಬೋರ್ಡ್‌ಗೆ ದೂರು ಕೊಟ್ಟರೆ ಅಲ್ಲಿನ ವಿಚಾರಣೆಯೇ ಬೇರೆ. ಅದರ ವಕೀಲರ ಫೀಸನ್ನು ಆಸ್ಪತ್ರೆಯ ಪಾಲಿಸಿ ಸಾಮಾನ್ಯವಾಗಿ ಕೊಡಲ್ಲ. ಟೆನೆಸ್ಸಿಯ ನರ್ಸ್ ರಡೊಂಡಾ ವಾಟ್ ಪ್ರಕರಣ ನೋಡಿ. 2017ರಲ್ಲಿ ಔಷಧಿ ಅದಲುಬದಲಾಗಿ ರೋಗಿ ತೀರಿಕೊಂಡರು. ಮೊದಲು ಕ್ರಮ ಬೇಡ ಅಂದಿದ್ದ ಬೋರ್ಡ್, ಆಮೇಲೆ ಫೈಲನ್ನು ಮತ್ತೆ ತೆಗೆದು 2021ರಲ್ಲಿ ಲೈಸೆನ್ಸ್ ರದ್ದು ಮಾಡಿತು. 2022ರಲ್ಲಿ ಕೋರ್ಟಿನಲ್ಲೂ ಅಪರಾಧಿ ಅಂತ ತೀರ್ಪಾಯ್ತು. 3 ವರ್ಷ ಪ್ರೊಬೇಷನ್. ಕ್ರಿಮಿನಲ್ ಶಿಕ್ಷೆಯಿಂದ ಯಾವ ವಿಮೆಯೂ ಉಳಿಸಲ್ಲ, ಅದು ಗೊತ್ತಿರಲಿ. ಆದರೆ ಬೋರ್ಡಿನ ಮುಂದೆ ನಿಲ್ಲುವಾಗ ಪಕ್ಕದಲ್ಲಿ ನಮ್ಮದೇ ವಕೀಲರಿರಬೇಕು ಅನ್ನಿಸಿತು.

ಒಂದು ಭಾನುವಾರ ಪೂರ್ತಿ ಪಾಲಿಸಿಗಳ ಸಣ್ಣಕ್ಷರ ಓದಿದೆ (ಕೋಡ್ ರಿವ್ಯೂನೇ ವಾಸಿ). ನೋಡಲೇಬೇಕಾದ ಪದ ಎರಡು: 'ಅಕರೆನ್ಸ್' ಮತ್ತು 'ಕ್ಲೇಮ್ಸ್ ಮೇಡ್'. ಮೊದಲನೆಯದರಲ್ಲಿ ಘಟನೆ ನಡೆದಾಗ ಪಾಲಿಸಿ ಚಾಲ್ತಿಯಲ್ಲಿದ್ದರೆ ಸಾಕು, ಕೇಸು ನಾಲ್ಕು ವರ್ಷ ಬಿಟ್ಟು ಬಂದರೂ, ಅಷ್ಟರಲ್ಲಿ ಪಾಲಿಸಿ ನಿಲ್ಲಿಸಿದ್ದರೂ ರಕ್ಷಣೆ ಉಂಟು. ಎರಡನೆಯದರಲ್ಲಿ ಕೇಸು ಬಂದಾಗಲೂ ಪಾಲಿಸಿ ಇರಬೇಕು; ಬಿಡೋದಾದರೆ 'ಟೇಲ್' ಅಂತ ಮತ್ತೆ ದುಡ್ಡು ಕಟ್ಟಬೇಕು. ಹೊಸ ನರ್ಸ್‌ಗಳು ಕೆಲಸ ಬದಲಿಸೋದು ಸಾಮಾನ್ಯ, ಹಾಗಾಗಿ ನಾವು ಅಕರೆನ್ಸ್ ಆರಿಸಿಕೊಂಡ್ವಿ. ಲೈಸೆನ್ಸ್ ವಿಚಾರಣೆಯ ಖರ್ಚಿಗೆ ಪ್ರತ್ಯೇಕ ಮಿತಿ ಎಷ್ಟು ಅಂತಲೂ ನೋಡಿ.

ವರ್ಷಕ್ಕೆ ಸುಮಾರು 100 ಡಾಲರ್. ಹೊಸದಾಗಿ ಪಾಸಾದವರಿಗೆ ಕೆಲವು ಕಂಪನಿಗಳು ರಿಯಾಯಿತಿನೂ ಕೊಡ್ತವೆ. ನಮ್ಮ ಫೋನ್ ಬಿಲ್ ಒಂದೂವರೆ ತಿಂಗಳಿಗೇ ಅಷ್ಟಾಗುತ್ತೆ!

ಇನ್ನೊಂದು ಮಾತು. ಕನ್ನಡ ಕೂಟದ ಊಟದಲ್ಲಿ ಆಂಟಿಯರು ಈಗಾಗಲೇ ಬಿಪಿ ಮಾತ್ರೆ ಹಿಡ್ಕೊಂಡು ಇವಳ ಹತ್ರ ಬರ್ತಿದ್ದಾರೆ. ಡ್ಯೂಟಿಯ ಹೊರಗೆ ಕೊಟ್ಟ ಸಲಹೆಗೆ ಆಸ್ಪತ್ರೆಯ ವಿಮೆ ಬರಲ್ಲ. ಸ್ವಂತ ಪಾಲಿಸಿಗಳಲ್ಲಿ ಎಷ್ಟೋ ಅದನ್ನೂ ಸೇರಿಸಿಕೊಳ್ಳುತ್ತವೆ. ಆದರೂ ಇವಳು, "ನಿಮ್ಮ ಡಾಕ್ಟರನ್ನೇ ಕೇಳಿ ಆಂಟಿ" ಅನ್ನೋದು ಕಲಿತಿದ್ದಾಳೆ.

ಓರಿಯೆಂಟೇಷನ್ ಶುರುವಾಗೋ ದಿನದಿಂದಲೇ ಪಾಲಿಸಿ ಜಾರಿಗೆ ಬರೋ ಹಾಗೆ ಕಟ್ಟಿದ್ವಿ. ಅಮ್ಮನಿಗೆ ಇನ್ನೂ ಹೇಳಿಲ್ಲ.